ಅಲ್ಪಪ್ರಾಣದ ಮಾಸ್ತರ

ಏಪ್ರಿಲ್ ೮

ಇವತ್ತು ಪಾಲಿ ನನ್ನ ಕೈಯಿಂದ ತಪ್ಪಿಸಿಕೊಂಡಳು.

ಸಂಜೆ ಅಜ್ಜ, ಮೊಮ್ಮಗಳು ಇಬ್ಬರೂ ಅಂಗಳದ ಕಟ್ಟೆಯ ಮೇಲೆ ಕೂತಿದ್ದೆವು. ನನ್ನ ಕೈಯಲ್ಲಿ ಚಹಾ ಮತ್ತು ಖಾರಿ ಬಿಸ್ಕೀಟು, ಅವಳ ಕೈಯಲ್ಲಿ ನನ್ನ ಕನ್ನಡಕದ ಡಬ್ಬಿ. ಗೇಟು ಹಾಕಿರಲಿಲ್ಲ. ಓಣಿಯಲ್ಲಿ ಒಂದು ಆಡಿನ ಮರಿ ಹಾದುಹೋಯಿತು, ಇವಳು ಅದರ ಹಿಂದೆಯೇ ಹೊರಟಳು. ಎರಡು ವರ್ಷದ ಕೂಸು ಎಷ್ಟು ದೂರ ಓಡೀತು ಎಂದುಕೊಂಡು ಎದ್ದೆ. ಮೂರು ಮನೆ ದಾಟುವುದರೊಳಗೆ ನನ್ನ ಎದೆಯಲ್ಲಿ ಗಾಳಿಯೇ ಉಳಿಯಲಿಲ್ಲ. ಕರೆಂಟಿನ ಕಂಬ ಹಿಡಿದು ನಿಂತೆ. ‘ಪಾಲೀ’ ಎಂದು ಕೂಗಲು ಹೋದರೆ ‘ಪಾ’ ಮಾತ್ರ ಬಂತು. ಓಣಿ ಮುಗಿದರೆ ದೊಡ್ಡ ರಸ್ತೆ. ಟಂಟಂ ಗಾಡಿಗಳು ಅಲ್ಲಿ ಹಿಂದೆ ಮುಂದೆ ನೋಡದೆ ಓಡುತ್ತವೆ. ಮೂಲೆಮನೆಯ ಅಜೀಜಾ ಬೇಗಂ ಕೈಯಲ್ಲಿದ್ದ ಕಾಯಿಪಲ್ಯೆಯ ಚೀಲ ಅಲ್ಲೇ ಬಿಟ್ಟು ಕೂಸನ್ನು ಎತ್ತಿಕೊಂಡರು.

“ಕೂಡ್ರಿ ಮಾಸ್ಟರ್ ಸಾಬ್, ಕೂಡ್ರಿ. ಕೂಸಿಗೇನೂ ಆಗಿಲ್ಲ. ನಿಮ್ಮ ಮುಖ ಹ್ಯಾಂಗ ಆಗ್ಯಾದ ನೋಡ್ಕೋರಿ ಮೊದಲ.”

ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದ ಸೊಸೆ ಪ್ರಣಾಲಿ ಎಲ್ಲವನ್ನೂ ನೋಡಿದ್ದಳು. ಕೆಳಗೆ ಬಂದು ಮಗಳನ್ನು ಅವಚಿಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಭಾಲ್ಕಿಯ ಹೈಸ್ಕೂಲಿನಲ್ಲಿ ಜೀವಮಾನವಿಡೀ ಕನ್ನಡ ಕಲಿಸಿದವನು ನಾನು. ಖ, ಘ, ಛ, ಝ ಎಂದು ಎದೆಯಿಂದ ಉಸಿರು ತೆಗೆದು ಹೇಳಿಸಿದವನು. ಈಗ ಒಂದು ‘ಲೀ’ ಹೇಳಲು ಉಸಿರಿಲ್ಲ. ಅಲ್ಪಪ್ರಾಣದ ಮಾಸ್ತರ.

ಏಪ್ರಿಲ್ ೯

ಊಟವಾದ ಮೇಲೆ ಮಗ ಅಶ್ವಜಿತ ಬಂದು ಕೂತ. ಅವನಿಗೆ ಕೆಟ್ಟ ಸುದ್ದಿ ಹೇಳಲು ಬರುವುದಿಲ್ಲ. ಮೊದಲು ಫ್ಯಾನಿನ ವಿಷಯ ತೆಗೆದ.

“ಅಪ್ಪಾ, ಆಗಸ್ಟ್ ಒಂದಕ್ಕ ಪ್ರಣಾಲಿ ರಜಾ ಮುಗೀತದ. ಡ್ಯೂಟಿಗಿ ಹೋಗಲೇಬೇಕು. ನೀವು ಪಾಲಿನ್ನ ನೋಡ್ಕೋತೀರಿ ಅಂತ ಇದ್ವಿ. ಆದ್ರ ನಿನ್ನಿ ಹಿಂಗಾಯ್ತಲ್ರಿ...”

“ಏನಂತಿ, ನೆಟ್ಟಗ ಅನ್ನು.”

“ಔರಾದಕ್ಕ ಕಳಿಸೋಣಂತ. ಅವಳ ಅವ್ವನ ಹತ್ರ. ರವಿವಾರ ರವಿವಾರ ಹೋಗಿ ನೋಡಿ ಬರೋದು.”

ಪ್ರಣಾಲಿ ಆಸ್ಪತ್ರೆಯಲ್ಲಿ ನರ್ಸು. ಕೂಸಿಗಾಗಿ ಇಷ್ಟು ದಿನ ರಜೆ ಹಾಕಿದ್ದೇ ದೊಡ್ಡದು. ಅದು ನನಗೂ ಗೊತ್ತು. ಆದರೆ ಔರಾದಿನ ಬೀಗತಿಯ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತದೆ. ಮಹಾಮಾಯಾಬಾಯಿ ನನಗಿಂತ ಎರಡೇ ವರ್ಷ ಸಣ್ಣವರು. ಕಡ್ಡಿಯಂಥ ಮೈ, ಹೊಲಕ್ಕೆ ನಡೆದೇ ಹೋಗಿ ನಡೆದೇ ಬರುತ್ತಾರೆ. ಕೂಸನ್ನು ಪಾಲಿ ಎಂದು ಕರೆಯುವುದಿಲ್ಲ. ಮರಾಠಿಯಲ್ಲಿ ಹಾಗಂದರೆ ಹಲ್ಲಿಗಳಂತೆ. ‘ಆಮ್ರು’ ಅನ್ನುತ್ತಾರೆ. ಆಮ್ರಪಾಲಿ ಎಂದು ಹೆಸರಿಟ್ಟವನು ನಾನು, ಅದನ್ನು ಎಲ್ಲಿ ತುಂಡು ಮಾಡಬೇಕೆಂದು ಅವರು ಕಲಿಸುತ್ತಾರೆ.

“ಆಗಸ್ಟ್ ಇನ್ನಾ ದೂರದ. ಅಷ್ಟರಾಗ ನಾ ಸರಿ ಆಗ್ತೇನಿ,” ಎಂದೆ. ಅವನು ಮತ್ತೆ ಫ್ಯಾನಿನ ವಿಷಯ ತೆಗೆದ.

ಪಾಲಿ ಇಲ್ಲದ ಮನೆಯಲ್ಲಿ ನಾನು ಏನು ಮಾಡಲಿ? ಹೆಂಡತಿ ಕೌಸಲ್ಯಾ ತೀರಿಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ದಿನವಿಡೀ ಕರೆಯುವುದು ಈ ಕೂಸೊಂದೇ. ‘ಮುತ್ಯಾ’ ಅನ್ನುತ್ತಾಳೆ. ಆ ಒತ್ತಕ್ಷರವನ್ನು ಎಷ್ಟು ಸ್ವಚ್ಛವಾಗಿ ಹೇಳುತ್ತಾಳೆ.

ಏಪ್ರಿಲ್ ೧೧

ಡಾಕ್ಟರ್ ಸಲಾವೋದ್ದೀನ ನನ್ನ ಶಿಷ್ಯ. ಕ್ಲಾಸಿನಲ್ಲಿ ನಡುನಡುವೆ ಉರ್ದು ಬೆರೆಸಿ ಮಾತಾಡುತ್ತಿದ್ದ, ನಾನು ಎದ್ದು ನಿಲ್ಲಿಸುತ್ತಿದ್ದೆ. ಈಗ ನನ್ನನ್ನು ಕಂಡರೆ ತಾನೇ ಎದ್ದು ನಿಲ್ಲುತ್ತಾನೆ. ಮೊನ್ನೆಯೇ ಪರೀಕ್ಷೆಗೆ ರಕ್ತ ಕೊಟ್ಟು, ಎದೆಯ ಇಸಿಜಿ ಪಟ್ಟಿ ತೆಗೆಸಿದ್ದೆ.

“ಸರ್, ಹೃದಯ ಛಲೋ ಅದ. ಶ್ವಾಸಕೋಶ ಛಲೋ ಅವ. ಸಕ್ಕರಿ ಗಡಿ ಮ್ಯಾಲ ನಿಂತದ, ಕೊಬ್ಬು ಏರ್ಯಾದ. ಮತ್ತ ಒಳಗ...” ಎಂದು ತಡೆದ. ಪರೀಕ್ಷೆಯಲ್ಲಿ ಉತ್ತರ ನೆನಪಿಸಿಕೊಳ್ಳುವವನ ಹಾಗೆ ಛಾವಣಿ ನೋಡಿ, “ಉರಿಯೂತ ಅದ ಸರ್,” ಎಂದ.

ಎಂಥ ಶುದ್ಧ ಶಬ್ದ! ನನ್ನ ಎದೆ ತುಂಬಿ ಬಂತು.

“ದಿನಾ ನಡೀರಿ ಸರ್. ನಡಿವಾಗ ಮಾತಾಡ್ಲಿಕ್ಕೆ ಬರಬೇಕು, ಹಾಡ್ಲಿಕ್ಕೆ ಬರಬಾರದು, ಅಷ್ಟು ಜೋರ ಇರ್ಲಿ. ಉರಿಯೂತ ಏರಿಸೋ ಊಟ ಬಿಡ್ರಿ. ಯಾವ್ಯಾವು ಅಂತ ಹೇಳ್ತೇನಿ...”

“ಬಿಡಪ್ಪ. ನಿನಗ ಕನ್ನಡ ಕಲಿಸಿದಾಂವ ನಾನು. ಉರಿಯೂತ ಅಂದ್ರೇನು ನನಗ ತಿಳೀತದ. ಹೊರಗ ಮಂದಿ ಕೂತಾರ, ಅವರನ್ನ ನೋಡು.”

ದಾರಿಯಲ್ಲಿ ಆಟೋದಲ್ಲೇ ಶಬ್ದವನ್ನು ಬಿಡಿಸಿದೆ. ಉರಿ ಎಂದರೆ ಬೆಂಕಿ, ತಾಪ, ನಮ್ಮ ಕಡೆ ಗರ್ಮಿ ಅನ್ನುತ್ತಾರಲ್ಲ, ಅದು. ಮೈಯೊಳಗೆ ಗರ್ಮಿ ಏರಿದೆ. ಗರ್ಮಿಯ ಪದಾರ್ಥ ಬಿಟ್ಟು ಥಂಡಾ ತಿಂದರೆ ಆಯಿತು. ಸಕ್ಕರೆಯಂತೂ ಇನ್ನೂ ಗಡಿ ದಾಟಿಲ್ಲ. ಇಷ್ಟಕ್ಕೆ ಒಂದು ಕಾಗದದ ಪಟ್ಟಿ ಬೇಕೆ?

ಏಪ್ರಿಲ್ ೧೪

ಬಾಬಾಸಾಹೇಬರ ಜಯಂತಿ. ಬುದ್ಧ ವಿಹಾರದ ಮುಂದೆ ಗುಲಾಬಿ ಶರಬತ್ತು ಹಂಚಿದರು. ಥಂಡಾ ಎಂದು ಮೂರು ಲೋಟ ಕುಡಿದೆ. ಔಷಧ ಇಷ್ಟು ರುಚಿಯಾಗಿರುವುದು ಅಪರೂಪ. ವಂದನೆ ಹೇಳುವಾಗ ಮಾತ್ರ ಎರಡನೆಯ ಸಾಲಿಗೇ ಉಸಿರು ಕಡಿದು, ಉಳಿದವರು ಮುಂದೆ ಹೋದರು. ಬಿಸಿಲು ಜಾಸ್ತಿ ಇತ್ತು.

ಏಪ್ರಿಲ್ ೨೭

ಪಥ್ಯ ಕಟ್ಟುನಿಟ್ಟಾಗಿ ನಡೆದಿದೆ. ಬಳ್ಳೊಳ್ಳಿ ಗರ್ಮಿ, ಬಿಟ್ಟೆ. ಶುಂಠಿ, ಮೆಂತ್ಯೆ, ಅಪರೂಪಕ್ಕೆ ತಿನ್ನುತ್ತಿದ್ದ ಸಜ್ಜಿ ರೊಟ್ಟಿ, ಅಗಸಿ ಬೀಜ, ಎಲ್ಲ ಗರ್ಮಿ, ಬಿಟ್ಟೆ. ಬೆಳಿಗ್ಗೆ ಸಕ್ಕರೆ ಹಾಕಿದ ಸಾಬೂದಾಣಿ ಖೀರು, ಮಧ್ಯಾಹ್ನ ಬಿಳಿ ಅನ್ನ, ಮೊಸರು, ಅದರ ಮೇಲೆ ಸಕ್ಕರೆ, ಸಂಜೆ ಫಾಲೂದಾ. ನಡೆದರೂ ಮೈ ಬಿಸಿಯಾಗುತ್ತದೆ ಎಂದು ನಡಿಗೆಯನ್ನು ಮೂಲೆಯ ಅಂಗಡಿಯವರೆಗೆ ಇಳಿಸಿದ್ದೇನೆ. ಆ ಅಂಗಡಿಯವನು ಹೊಸ ಬೋರ್ಡು ಬರೆಸಿದ್ದಾನೆ, ‘ಭೇಕರಿ’ ಎಂದು. ಬೇಡದ ಕಡೆ ಮಹಾಪ್ರಾಣ. ತಿದ್ದಲು ಹೇಳಿ, ಅಲ್ಲೇ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡು ಬಂದೆ.

“ಮಾಮಾ, ಮೊಸರಿಗಿ ಇಷ್ಟು ಸಕ್ಕರಿ ಯಾಕ್ರಿ?” ಎಂದು ಪ್ರಣಾಲಿ ಕೇಳಿದಳು.

“ಡಾಕ್ಟರ್ ಹೇಳ್ಯಾನ.”

ಏನೋ ಹೇಳಲು ಬಂದವಳು ಮೊಸರಿನ ಪಾತ್ರೆ ಮುಚ್ಚಿ ಒಳಗಿಟ್ಟಳು. ಪಾಲಿ ಓಣಿಗೆ ಓಡಿದ ದಿನದಿಂದ ನಾವಿಬ್ಬರೂ ತೂಗಿ ಮಾತಾಡುತ್ತಿದ್ದೇವೆ.

ಮೇ ೧೦

ಮಾಳಿಗೆಯ ಮೆಟ್ಟಿಲು ಹತ್ತಿದೆ. ನಡುವೆ ಕೂತೆ.

ಮೇ ೧೯

ಬರೆಯಲು ನಾಚಿಕೆಯಾಗುತ್ತದೆ.

ಸಲಾವೋದ್ದೀನ ಹೊಸ ರಿಪೋರ್ಟನ್ನು ಎರಡು ಸಲ ನೋಡಿದ. “ಸರ್, ಎಲ್ಲಾ ಮೊದಲಿನಕ್ಕಿಂತ ಏರ್ಯಾವಲ್ರಿ. ಏನು ತಿಂತಿದ್ದೀರಿ?”

ನಾನು ಹೆಮ್ಮೆಯಿಂದ ಹೇಳಿದೆ. ಶರಬತ್ತು, ಖೀರು, ಫಾಲೂದಾ. ಬಳ್ಳೊಳ್ಳಿ ಮುಟ್ಟಿಲ್ಲ, ಅಗಸಿ ಮುಟ್ಟಿಲ್ಲ. ಅವನು ಪೆನ್ನು ಕೆಳಗಿಟ್ಟ.

“ಸರ್, ಸೂಜನ್.”

“ಏನು?”

“ಅಂದರ್ ಕಾ ಸೂಜನ್. ಬಾವು. ಗರ್ಮಿ ಅಲ್ರಿ ಸರ್. ನಾ ಅವತ್ತ ಸೂಜನ್ ಅಂತಲೇ ಅನ್ನಾಂವ ಇದ್ದೆ. ನಿಮ್ಮ ಮುಂದ ಉರ್ದು ಬಾಯಿಗಿ ಬರ್ಲಿಲ್ಲ.”

ಸೂಜನ್ ಅಂದಿದ್ದರೆ ಬೀದರಿನ ಕೂಸಿಗೂ ತಿಳಿಯುತ್ತಿತ್ತು. ಉರಿಯೂತದಲ್ಲಿ ನಾನು ಉರಿಯನ್ನು ಹಿಡಿದು ಊತವನ್ನು ಬಿಟ್ಟೆ. ಇಂಥ ಸಮಾಸದಲ್ಲಿ ಎರಡನೆಯ ಪದಕ್ಕೇ ಪ್ರಾಧಾನ್ಯ ಎಂದು ಎಷ್ಟು ತಲೆಮಾರಿನ ಮಕ್ಕಳಿಗೆ ಕಲಿಸಿದೆನೋ. ಯಾವನಾದರೂ ಹುಡುಗ ಹೀಗೆ ಬಿಡಿಸಿದ್ದರೆ ಸೊನ್ನೆ ಹಾಕುತ್ತಿದ್ದೆ.

ಅವನು ಆಮೇಲೆ ಸಾವಕಾಶ ಹೇಳಿದ. ಸಕ್ಕರೆ, ಮೈದಾ, ಕರಿದದ್ದು ಅತಿಯಾದರೆ ಮೈತುಂಬ ಕಣ್ಣಿಗೆ ಕಾಣದ ಸಣ್ಣ ಸೂಜನ್ ಕೂತುಬಿಡುತ್ತದೆ. ರಕ್ತನಾಳ ಬೇಕಾದಾಗ ಸಡಿಲಾಗುವುದಿಲ್ಲ, ಕಾಲಿನ ಸ್ನಾಯುವಿಗೆ ಸಕ್ಕರೆ ಸುಡಲು ಬರುವುದಿಲ್ಲ. “ದಮ್ಮು ಬರೇ ಎದಿಯಾಗ ಇರಲ್ರಿ ಸರ್. ಕಾಲಾಗೂ ಇರ್ತದ. ಕಾಲು ಆಳಸಿ ಆದ್ರ ಎದಿ ಒಂದೇ ಏನು ಮಾಡ್ತದ?” ನಾನು ಗರ್ಮಿ ಎಂದು ಬಿಟ್ಟ ಅಗಸಿ, ಬಳ್ಳೊಳ್ಳಿ, ಕಾಳು, ಸೊಪ್ಪು ಎಲ್ಲ ತಿನ್ನಬೇಕಾದವೇ ಅಂತೆ. ಥಂಡಾ ಎಂದು ತಿಂದದ್ದೆಲ್ಲ ಬಿಡಬೇಕಾದವಂತೆ.

ಹೊರಡುವಾಗ ಬಾಗಿಲವರೆಗೆ ಬಂದ. “ಹೆದರಬ್ಯಾಡ್ರಿ ಸರ್, ಸರಿ ಆಗ್ತದ,” ಎಂದ. ಒಂದು ತಿಂಗಳ ಮೇಲೆ ಹಾಳು ಮಾಡಿಕೊಂಡು ಕೂತವನಿಗೆ ಹೆದರಬೇಡ ಎಂದರೆ ಹೇಗೆ?

ಮೇ ೨೦

ನಿಶ್ಚಯವಾಯಿತು. ಜುಲೈ ಕೊನೆಗೆ ಪಾಲಿ ಔರಾದಕ್ಕೆ. ರಿಪೋರ್ಟು ನೋಡಿದ ಮೇಲೆ ನನಗೂ ವಾದಿಸಲು ಬಾಯಿಲ್ಲ. ಕೂಸಿಗೆ ರೂಢಿಯಾಗಲಿ ಎಂದು ಬೀಗತಿ ಮುಂದಿನ ತಿಂಗಳೇ ಬಂದು ಇಲ್ಲಿ ಇರುತ್ತಾರಂತೆ.

ಜೂನ್ ೩

ಮಹಾಮಾಯಾಬಾಯಿ ಬಂದರು. ಜೋಳದ ಹಿಟ್ಟಿನ ಚೀಲ ತಾವೇ ಹೊತ್ತು ತಂದರು. ನಾನು ಹಿಡಿಯಲು ಹೋದರೆ, “ಇರ್ಲಿ ಬೀಗರ, ನೀವು ಮೊದಲ ನಿಮ್ಮ ದಮ್ಮು ಹಿಡೀರಿ,” ಎಂದರು. ಬಂದ ದಿನವೇ ಶುರು.

ಜೂನ್ ೫

ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಕೌಸಲ್ಯಾಳ ಅಗಸಿ ಹಿಂಡಿಯ ಭರಣಿ ಇತ್ತು. ಅಗಸಿ ಹುರಿದು, ಬಳ್ಳೊಳ್ಳಿ, ಖಾರ ಹಾಕಿ ಕುಟ್ಟಿ ತುಂಬಿಡುತ್ತಿದ್ದಳು. ಮೂರು ವರ್ಷದಿಂದ ಖಾಲಿ. ಪ್ರಣಾಲಿ ಎಷ್ಟೋ ಸಲ ತುಂಬಲು ಹೋದಾಗ ಬೇಡ ಎಂದಿದ್ದೆ. ಆಮೇಲೆ ರೊಟ್ಟಿಯೂ ಅಪರೂಪವಾಯಿತು. ಹೆಚ್ಚಾಗಿ ಚಹಾ, ಖಾರಿಯಲ್ಲೇ ನಡೆಯುತ್ತಿತ್ತು.

ಇವತ್ತು ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿ ಪಲ್ಯೆ, ಪಕ್ಕದಲ್ಲಿ ಅಗಸಿ ಹಿಂಡಿ. ನೋಡಿದರೆ ಆ ಭರಣಿ ತುಂಬಿ ಕೂತಿದೆ. ಯಾರನ್ನು ಕೇಳಿ ತೆಗೆದಿರಿ ಎಂದು ಸಿಟ್ಟಿನಿಂದ ಕೇಳಿದೆ.

“ಯಾರನ್ನ ಕೇಳಬೇಕಿತ್ರಿ? ಅಕ್ಕಾರು ಇದ್ದಿದ್ರ ಖಾಲಿ ಇಡ್ತಿದ್ರೇನು?”

ತಿಂದೆ. ಖಾರ ಕೌಸಲ್ಯಾ ಹಾಕಿದ್ದಕ್ಕಿಂತ ಜಾಸ್ತಿ ಇತ್ತು. ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಎಂದು ಹೇಳಿದೆ. ಅದು ಸುಳ್ಳು. ಅವಳು ನೆನಪಾಗಿ ಅತ್ತೆ.

ಜೂನ್ ೨೨

ಈ ಹೆಂಗಸು ನನ್ನನ್ನು ಮನೆಯಲ್ಲಿ ಕೂಡಲು ಬಿಡುವುದಿಲ್ಲ. ಬೆಳಕು ಹರಿದರೆ ಸಾಕು, “ಬೀಗರ, ಚಪ್ಪಲಿ ಹಾಕ್ಕೋರಿ.” ಹೋಗದಿದ್ದರೆ ಚಹಾ ಇಲ್ಲ. ಬಂದರೂ ಸಕ್ಕರೆ ಇಲ್ಲ.

ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಒಬ್ಬ ‘ಕಾನಾವಳಿ’ ಎಂದು ಬರೆಸಿದ್ದಾನೆ. ಬೇಕಾದ ಕಡೆ ಮಹಾಪ್ರಾಣ ಇಲ್ಲ. ಮಾಲಕ ಕೈಲಾಶ ಎಂಬ ಗೃಹಸ್ಥ. ನಿಂತು ಖ ಮತ್ತು ಕ ವ್ಯತ್ಯಾಸ ವಿವರಿಸಿದೆ. “ಊಟಾ ಮಾಡ್ತೀರೇನ್ರಿ ಸಾಹೇಬರ?” ಎಂದ. ಈ ಊರಿಗೆ ಕನ್ನಡ ಬರುವುದಿಲ್ಲ.

ಜುಲೈ ೬

ಹಳೆಯ ಮಾಸ್ತರರ ಸಭೆಗೆ ಭಾಲ್ಕಿಗೆ ಹೋಗಿದ್ದೆ. ಸಭೆ ಮೂರನೆಯ ಮಹಡಿಯಲ್ಲಿ. ನಮ್ಮ ಗಣಿತದ ಮಚ್ಛೇಂದ್ರ ನನ್ನ ಜೊತೆ ಮೆಟ್ಟಿಲು ಹತ್ತಿದ. ಅವನಿಗೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ನಾನು ಅವನ ಛತ್ರಿ, ಚೀಲ ಹಿಡಿದು ನಿಂತೆ. “ಯಾಕೋ, ಮೈ ಬಿಟ್ಟಿದ್ದಿ,” ಎಂದು ಸರಿಯಾಗಿ ಬೈದೆ. ಜಿಲೇಬಿ ಕೊಟ್ಟರು. ಒಂದು ತಿಂದೆ, ಇನ್ನೊಂದು ಹಿಡಿಸಲಿಲ್ಲ, ಅತಿ ಸಿಹಿ. ಭಾಲ್ಕಿಯ ಜಿಲೇಬಿಯೂ ಕೆಟ್ಟಿದೆ.

ಜುಲೈ ೧೩

ಕೋಟೆಯ ಹತ್ತಿರ ಒಂದು ಬೋರ್ಡು ಸಿಕ್ಕಿತು, ‘ಧನದ ಹಿಂಡಿ ಸಿಗುತ್ತದೆ’. ದನಕ್ಕೆ ಧನ ತಿನ್ನಿಸುತ್ತಾನೆ. ಮನೆಗೆ ಬಂದು ಹೇಳಿದರೆ ಬೀಗತಿ ನಗುವುದನ್ನು ಬಿಟ್ಟು, “ಕೋಟಿತನಕ ಹೋಗಿದ್ರಿ?” ಎಂದು ಕೇಳಿದರು. ಮಾತಿನ ಸಾರ ತಿಳಿಯದೆ ಬೇರೆಯದನ್ನೇ ಕೇಳುವುದು ಅವರ ಅಭ್ಯಾಸ.

ಪಾಲಿ ಈಗ ಕ, ಗ, ಚ, ಜ ಹೇಳುತ್ತಾಳೆ. ಖ ಹೇಳು ಎಂದರೆ ಬಾಯಿ ದೊಡ್ಡದಾಗಿ ತೆರೆದು ‘ಕ’ ಎನ್ನುತ್ತಾಳೆ. ಅವಳು ಖ ಕಲಿಯುವುದು ಔರಾದಿನಲ್ಲಿ, ನಾನು ಅಲ್ಲಿ ಇರುವುದಿಲ್ಲ.

ಜುಲೈ ೨೦

ಡಾಕ್ಟರು ಮತ್ತೆ ಬರಲು ಹೇಳಿದ್ದಾನೆ, ಹೋಗಿಲ್ಲ. ಇನ್ನೊಮ್ಮೆ ಆ ಕಾಗದ ನೋಡಲು ಧೈರ್ಯವಿಲ್ಲ.

ಇವತ್ತು ಪಾಲಿ ಮತ್ತೆ ಗೇಟು ದಾಟಿದಳು. ಪೇಪರಿನವನು ಗೇಟು ಮುಚ್ಚದೆ ಹೋಗಿದ್ದ. ಓಣಿಯ ನಡುವೆಯೇ ಹಿಡಿದು ಎತ್ತಿಕೊಂಡು ಬಂದೆ. ಆದರೆ ಬಂದು ಕೂತ ಮೇಲೆ ಹೆದರಿಕೆ ಹತ್ತಿತು. ಹಿಡಿಯದೆ ಹೋಗಿದ್ದರೆ? ಅಜೀಜಾ ಬೇಗಂ ದಿನವೂ ಆ ಮೂಲೆಯಲ್ಲಿ ಇರುತ್ತಾರೆಯೇ?

ಮಹಾಮಾಯಾಬಾಯಿ ಮೊನ್ನೆಯಿಂದ, ಇನ್ನೊಂದು ತಿಂಗಳು ನೋಡೋಣವೇ ಎಂದು ಮಗಳ ಹತ್ತಿರ ಮಾತು ತೆಗೆಯುತ್ತಿದ್ದರು. ಊಟಕ್ಕೆ ಕೂತಾಗ ನಾನೇ ಹೇಳಿಬಿಟ್ಟೆ. “ಕರ್ಕೊಂಡು ಹೋಗ್ರಿ. ನನ್ನಿಂದ ಆಗಲ್ಲ. ಕೂಸಿಗೆ ಏನರ ಆದ್ರ ನಾ ಬದುಕಾಂವ ಅಲ್ಲ.”

ಪ್ರಣಾಲಿ ಎದ್ದು ಒಳಗೆ ಹೋದಳು. ಅವಳಿಗೂ ಕಳಿಸುವ ಮನಸ್ಸಿಲ್ಲ ಎಂದು ನನಗೆ ಇವತ್ತೇ ತಿಳಿದದ್ದು. ಆದರೂ ಇದೇ ಸರಿ. ಪ್ರೀತಿ ಇದ್ದರೆ ಸಾಲದು, ಹಿಂದೆ ಓಡುವ ಶಕ್ತಿ ಬೇಕು.

ಜುಲೈ ೨೮

ಹೇಗೆ ನಡೆಯಿತೋ ಹಾಗೆಯೇ ಬರೆಯುತ್ತೇನೆ.

ಮಗ, ಸೊಸೆ ಮನೆಯಲ್ಲೇ ಉಳಿದರು. ಬಸ್‌ಸ್ಟ್ಯಾಂಡಿನಲ್ಲಿ ಬೀಳ್ಕೊಡುವುದು ಪ್ರಣಾಲಿಯಿಂದ ಆಗುವುದಿಲ್ಲ ಎಂದು ನಾನೇ ಹೊರಟೆ. ಔರಾದ ಬಸ್ಸು ನಿಂತಿತ್ತು. ಕಿಟಕಿಯ ಸೀಟು ಹಿಡಿಯಲು ಬೀಗತಿ ಮುಂದೆ ಹತ್ತಿದರು. ಪಾಲಿ ನೀರು ಬೇಕೆಂದಳು. ಸ್ಟ್ಯಾಂಡಿನ ಆ ತುದಿಯ ನಳದ ಹತ್ತಿರ ಕರೆದುಕೊಂಡು ಹೋದೆ. ಬೇಕೆಂದೇ ತಡ ಮಾಡಿದೆ. ಬಾಯಿ ಒರೆಸಿದೆ, ಕೂದಲು ಸರಿ ಮಾಡಿದೆ, ಕಾಲ್ಚೀಲ ತೆಗೆದು ಮತ್ತೆ ಹಾಕಿದೆ. “ಮುತ್ಯಾ ನೀನೂ ಬಾ,” ಎಂದಳು. ನಾಳೆ ಬರುತ್ತೇನೆ ಎಂದು ಸುಳ್ಳು ಹೇಳಿದೆ.

ತಿರುಗಿ ನೋಡಿದರೆ ಬಸ್ಸು ಹೊರಟಿದೆ. ಬೀಗತಿ ಕಿಟಕಿಯಿಂದ ಕೈ ಹೊರಹಾಕಿ ಕೂಗುತ್ತಿದ್ದಾರೆ. ಪಾಲಿಯನ್ನು ಬಗಲಿಗೆ ಏರಿಸಿಕೊಂಡು ಓಡಿದೆ. ಹೆಣ್ಣುಮಗಳೊಬ್ಬಳು ಒಬ್ಬಳೇ ಹೋಗಿಬಿಟ್ಟರೆ ಎಂಬ ಚಿಂತೆ ಒಂದು, ಆ ಕಂಡಕ್ಟರನ ಮೇಲಿನ ಸಿಟ್ಟು ಒಂದು. ಬಸ್ಸು ಗೇಟಿನ ಹತ್ತಿರ ನಿಧಾನಿಸಿತು. ಬಾಗಿಲು ಹಿಡಿದೆ, ಬಸ್ಸು ನಿಂತಿತು.

“ಏನಪಾ, ಹೊರಡುವ ಹೊತ್ತಿಗಿ ಇನ್ನಾ ಐದು ಮಿನಿಟ್ ಅದ, ಸೀಟಿನ್ಯಾಗ ಹೆಣ್ಣುಮಗಳು ಮಂದಿ ಬರಾಕತ್ತಾರ ನಿಲ್ಲಿಸ್ರಿ ಅಂತ ಒದರ್ಲಿಕತ್ತಾಳ, ಕೂಸು ಹಿಡ್ಕೊಂಡು ಮುದುಕ ಹಿಂದ ಓಡಿ ಬರ್ಲಿಕತ್ತಾನ, ನಿನಗ ಕಣ್ಣೂ ಇಲ್ಲ ಕಿವೀನೂ ಇಲ್ಲೇನು?” ಎಂದು ಚೆನ್ನಾಗಿ ಬೈದೆ. ಕಂಡಕ್ಟರ ತಪ್ಪಾಯ್ತು ಅಂದ. ಪಾಲಿಯನ್ನು ಕೊಡಲು ಮೇಲೆ ಎತ್ತಿ ಹಿಡಿದೆ.

ಬೀಗತಿ ಕೈ ಚಾಚಲಿಲ್ಲ. ಎದ್ದು ಬಂದು ಮೆಟ್ಟಿಲ ಮೇಲೆ ನಿಂತು ನನ್ನ ಮುಖವನ್ನೇ ನೋಡಿದರು.

“ಬೀಗರ, ಒಂದು ಮಾತು ಕೇಳ್ತೇನಿ. ಈಗ ನೀವು ಎಲ್ಲಿಂದ ಓಡಿ ಬಂದ್ರಿ?”

“ಆ ನಳದ ಹತ್ರಿಂದ. ಯಾಕ್ರಿ?”

“ಕೂಸು ಯಾರ ಬಗಲಾಗಿತ್ತು?”

“ನನ್ನ ಬಗಲಾಗ. ಹಿಡೀರಿ ಮೊದಲ, ಬಸ್ಸು ಹೋಗ್ತದ.”

“ಮತ್ತ ಈ ಕಂಡಕ್ಟರಗ ಒಂದೇ ಉಸಿರಿನ್ಯಾಗ ಅಷ್ಟು ಉದ್ದ ಬೈದದ್ದು ಯಾರು?”

ನಾನು ಎದೆಯ ಮೇಲೆ ಕೈ ಇಟ್ಟು ನೋಡಿಕೊಂಡೆ. ಎದೆ ಬಡಿಯುತ್ತಿತ್ತು, ಹೌದು. ಆದರೆ ಕಂಬ ಹುಡುಕುವ ಹಾಗೆ ಆಗಿರಲಿಲ್ಲ. ನನ್ನ ಉಸಿರನ್ನು ನಾನು ಮರೆತೇಬಿಟ್ಟಿದ್ದೆ.

“ತಮ್ಮಾ, ಆ ಹಸರ ಚೀಲ ತಗದು ಕೊಡಪ್ಪ,” ಎಂದು ಅವರು ಕಂಡಕ್ಟರನಿಗೆ ಹೇಳಿ ಕೆಳಗೆ ಇಳಿದರು. “ನಾಳಿ ಡಾಕ್ಟರ ಹತ್ರ ಹೋಗೋಣ್ರಿ. ಅವರು ಹೂಂ ಅಂದ್ರ ಆಮ್ರು ಇಲ್ಲೇ ಇರ್ತಾಳ. ಅಲ್ಲಿತನಕ ನಾನೂ ಇರ್ತೇನಿ. ನನಗ ಅಲ್ಲಿ ಹೊಲ ಅದ, ಮನಿ ಅದ. ನಿಮಗ ಇದೊಂದೇ ಕೂಸದ ಅಂತ ನನಗ ಗೊತ್ತಿಲ್ಲೇನು?”

ಬಸ್‌ಸ್ಟ್ಯಾಂಡಿನಲ್ಲಿ, ನೂರು ಜನರ ನಡುವೆ, ಅರವತ್ತು ದಾಟಿದವನು ನಾನು ಗಟ್ಟಿಯಾಗಿ ಅತ್ತೆ. ಪಾಲಿ ತನ್ನ ಕೈವಸ್ತ್ರದಿಂದ ನನ್ನ ಮೂಗು ಒರೆಸಿದಳು. “ಪಾಲೀ,” ಎಂದೆ. ಪೂರ್ತಿ ಬಂತು.

ಬೀಗತಿ ಮುಖ ತಿರುಗಿಸಿ, “ಹಲ್ಲಿ ಅಂತ ಹಲ್ಲಿ,” ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಜುಲೈ ೨೯

ಸಲಾವೋದ್ದೀನ ಕಾಗದ ನೋಡಿ ನಕ್ಕ. “ಸರ್, ಸೂಜನ್ ಇಳದದ. ಇನ್ನಾ ಪೂರಾ ಹೋಗಿಲ್ಲ. ಕೂಸಿನ ಹಿಂದ ಓಡ್ಲಿಕ್ಕೆ ಅಡ್ಡಿ ಇಲ್ಲ, ನಡಿಯೋದು ಬಿಡಬ್ಯಾಡ್ರಿ.”

“ಉರಿಯೂತ ಅನ್ನು,” ಎಂದೆ. ಆಮೇಲೆ, “ಇರ್ಲಿ, ಸೂಜನ್ ಅಂತಲೇ ಅನ್ನಪ್ಪ,” ಎಂದೆ.

ಆಗಸ್ಟ್ ೧

ಪ್ರಣಾಲಿ ಡ್ಯೂಟಿಗೆ ಹೋದಳು. ಹೋಗುವಾಗ ಕೂಸನ್ನು ತಾನೇ ನನ್ನ ಕೈಗೆ ಕೊಟ್ಟಳು. “ಬರ್ತೇನ್ರಿ ಮಾಮಾ,” ಎಂದಳು, ಹಿಂತಿರುಗಿ ನೋಡದೆ ಹೋದಳು.

ಇವತ್ತು ಹೆಚ್ಚು ಬರೆಯಲು ಪುರಸೊತ್ತಿಲ್ಲ. ಪಾಲಿ ಗೇಟಿನ ಚಿಲಕ ತೆಗೆಯಲು ಕಲಿತಿದ್ದಾಳೆ.